ಮುಚ್ಚಿದ ಇಳಿಜಾರಿನ ಕೆಳಗೆ

ಫೆಬ್ರವರಿ ಹತ್ತು, ಸೋಮವಾರ. ಸಿಲ್ವರ್‌ಕೀಪ್ ಪೊಲೀಸ್ ಠಾಣೆಯಲ್ಲಿ ಬೆಳಗಿನ ಕಾಫಿ ಇನ್ನೂ ಇಳಿದಿರಲಿಲ್ಲ, ಥೀಯಾ ಸ್ಟ್ರೆಲಾಯೆಫ್ ಬೂಟಿನ ಹಿಮವನ್ನೂ ಕೊಡವದೆ ಒಳಗೆ ಬಂದಳು. ಹಿಂದೆಯೇ ಅವಳ ಅಪ್ಪ ರೂಬೆನ್ ಗೀಸ್‌ಬ್ರೆಕ್ಟ್, ಮಗಳ ಮೊಣಕೈ ಹಿಡಿದುಕೊಂಡು. ಶುಕ್ರವಾರ ಮಧ್ಯಾಹ್ನ ಬೆಟ್ಟದಲ್ಲಿ ಹಿಮ ಕುಸಿದು ಅವಳ ಗಂಡ ಮಿಶಾ ಸತ್ತಿದ್ದ. ಊರಿನ ಕಣ್ಣೀರು ಇನ್ನೂ ಆರಿರಲಿಲ್ಲ.

ಸಾರ್ಜೆಂಟ್ ವೆಂಡೆಲ್ ಕಲ್ಮಕಾಫ್ ಎದ್ದು ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

"ದೂರು ಬರ್ಕೊಳ್ಳಿ, ವೆಂಡೆಲ್. ಪಿಯಾ ಬಾಸ್ಸೊ ಮೇಲೆ. ಮುಚ್ಚಿರೋ ಇಳಿಜಾರಿನ ಕೆಳಗೆ ನನ್ನ ಗಂಡನ್ನ ಕೆಲಸಕ್ಕೆ ಕಳಿಸಿದಾಳೆ. ನಮ್ಮಪ್ಪ ಬೆಳಿಗ್ಗೇನೇ ಬೇಡ ಅಂದಿದ್ರು. ಬೇಡ ಅಂದ ಮೇಲೂ ಕಳಿಸಿದ್ಲು."

"ಮೊದ್ಲು ಕೂತ್ಕೊ ಥೀಯಾ."

"ಕೂತ್ರೆ ಏಳೋಕಾಗಲ್ಲ ನಂಗೆ."

ಆ ಬೆಟ್ಟದಲ್ಲಿ ಒಂದು ಕಟ್ಟುಪಾಡಿದೆ. ಅತಿಥಿಗಳನ್ನು ಟ್ಯಾಂಕಿನ ಹಾಗೆ ಪಟ್ಟಿಚಕ್ರದ ಮೇಲೆ ಹಿಮದಲ್ಲಿ ಓಡುವ ಸ್ನೋಕ್ಯಾಟ್‌ನಲ್ಲಿ ಮೇಲಕ್ಕೆ ಹೊತ್ತೊಯ್ದು, ಯಾರೂ ತುಳಿಯದ ಹಿಮದಲ್ಲಿ ಸ್ಕೀ ಮಾಡಿಸುವ ಮಾರ್ಗದರ್ಶಿಗಳು ದಿನಾ ಬೆಳಿಗ್ಗೆ ಕೂತು ಒಂದೊಂದೇ ಇಳಿಜಾರಿನ ಹೆಸರು ಕೂಗುತ್ತಾರೆ. ಒಬ್ಬರು 'ಬೇಡ' ಎಂದರೂ ಸಾಕು, ಅದು ಆ ದಿನಕ್ಕೆ ಮುಚ್ಚಿದಂತೆ. ಯಾಕೆ ಎಂದು ಕೇಳುವ ಹಾಗಿಲ್ಲ. ಎಷ್ಟೋ ಜೀವ ಉಳಿಸಿದ ಕಟ್ಟುಪಾಡು ಅದು, ಅದನ್ನು ಮುರಿದವರನ್ನು ಈ ಊರು ಕ್ಷಮಿಸುವುದಿಲ್ಲ.

ಕಲ್ಮಕಾಫ್ ರೂಬೆನ್‌ನ ಮುಖ ನೋಡಿದ. ಅರವತ್ತೊಂದರ ಮುದುಕ. ಮಕ್ಕಳಿಂದ ಹಿಡಿದು ಪೊಲೀಸರವರೆಗೆ ಎಲ್ಲರೂ ಅವನನ್ನು ಓಪಾ, ಅಂದರೆ ಅಜ್ಜ ಎಂದೇ ಕರೆಯುತ್ತಿದ್ದರು. ಕಲ್ಮಕಾಫ್‌ಗೆ ಹುಡುಗನಾಗಿದ್ದಾಗ ಸ್ಕೀ ಕಲಿಸಿದವನೂ ಅವನೇ. ಅಳಿಯನನ್ನು ಹಿಮದಡಿಯಿಂದ ಸ್ವಂತ ಕೈಯಲ್ಲಿ ತೋಡಿ ತೆಗೆದಿದ್ದ. ಬೆರಳುಗಳಿಗೆಲ್ಲ ಬಿಳಿ ಪಟ್ಟಿ ಸುತ್ತಿತ್ತು.

"ನೀವೇನಂತೀರಿ ಓಪಾ?"

"ಅವಳು ಹೇಳಿದ್ದು ಸರಿ," ಎಂದ ರೂಬೆನ್. "ನಾನು ಬೇಡ ಅಂದಿದ್ದೆ."

ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದಡಿ ದೂರು ದಾಖಲಾಯಿತು. ರುಜುವಾತಾದರೆ ಪಿಯಾಗೆ ಜೈಲು ಕಟ್ಟಿಟ್ಟ ಬುತ್ತಿ. ಅಪ್ಪ ಮಗಳು ಹೊರಗೆ ಹೋದ ಮೇಲೆ ಕಾನ್ಸ್‌ಟೇಬಲ್ ಜೊಸ್ಲಿನ್ ಫೋರ್ತಿಯೆ ಮೆಲ್ಲಗೆ ಕೇಳಿದಳು:

"ಪಿಯಾಗೆ ಕೆಲಸ ಕಲಿಸಿದ್ದು ಇದೇ ಓಪಾ ಅಲ್ವಾ ಸಾರ್ಜ್?"

"ಹೂಂ. ಕೈ ಹಿಡ್ಕೊಂಡು ನಡೆಸಿದ್ದು ಅಂದ್ರೂ ತಪ್ಪಿಲ್ಲ."

ಪಿಯಾ ಬಾಸ್ಸೊ ಮೂವತ್ತನಾಲ್ಕರವಳು. ಕಳೆದ ವರ್ಷವಷ್ಟೇ ರೂಬೆನ್‌ನ ಜಾಗಕ್ಕೆ ಅವಳನ್ನು ಮುಖ್ಯ ಮಾರ್ಗದರ್ಶಿ ಮಾಡಿದ್ದರು, ರೂಬೆನ್ ಎರಡನೆಯವನಾಗಿದ್ದ. ಪೊಲೀಸರು ಹೋದಾಗ ಅವಳು ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಒಲೆಯ ಮೇಲೆ ಯಾರೋ ತಂದಿಟ್ಟ ಬೋರ್ಶ್ ಸಾರು ಮುಟ್ಟದೆ ಹಾಗೇ ಇತ್ತು.

"ಕಳಿಸಿದ್ದು ನಾನೇ," ಎಂದಳು, ಕೇಳುವ ಮೊದಲೇ. "ಬರ್ಕೊಳ್ಳಿ."

"ಶುಕ್ರವಾರ ಬೆಳಿಗ್ಗೆ ಯಾವ ಇಳಿಜಾರು ಮುಚ್ಚಿದ್ರಿ?"

"ಬಿಳಿಗತ್ತೆ. ಓಪಾ ಬೇಡ ಅಂದ್ರು. ಅವರು ಜನವರಿಯಿಂದಾನೂ ಬೇಡ ಅಂತಾನೇ ಇದಾರೆ. ಅಡಿಯಲ್ಲಿ ಒಂದು ಪುಡಿಪುಡಿ ಪದರ ಇದೆ, ಮೇಲಿನ ಹಿಮ ಅದಕ್ಕೆ ಹಿಡ್ಕೊಂಡಿಲ್ಲ ಅಂತ."

"ನಿನಗೇನನ್ನಿಸ್ತಿತ್ತು?"

"ಗಟ್ಟಿಯಾಗಿದೆ ಅನ್ನಿಸ್ತಿತ್ತು. ಅಕ್ಕಪಕ್ಕದ ಇಳಿಜಾರಲ್ಲೆಲ್ಲ ಸ್ಕೀ ಮಾಡಿಸಿದ್ವಿ, ಹಿಮ ಒಂದು ಚೂರೂ ಅಲುಗಿರಲಿಲ್ಲ. ಆದ್ರೂ ಬೇಡ ಅಂದ್ರೆ ಬೇಡ. ಮುಚ್ಚಿದೆ. ಬಿಳಿಗತ್ತೆ ಮೇಲೆ ಒಬ್ಬರನ್ನೂ ಬಿಟ್ಟಿಲ್ಲ ನಾನು, ಬೇಕಾದ್ರೆ ಅತಿಥಿಗಳನ್ನೇ ಕೇಳಿ."

"ಮತ್ತೆ ಮಿಶಾ?"

"ಅವನು ಸ್ನೋಕ್ಯಾಟ್ ಓಡಿಸೋನು. ಬಿಳಿಗತ್ತೆ ಬುಡದಲ್ಲೇ ಕ್ಯಾಟ್ ರಸ್ತೆ ಹೋಗತ್ತೆ. ದಿನಾ ಅಲ್ಲೇ ಓಡಾಡೋದು. ಗಾಳಿ ರಸ್ತೆ ಮೇಲೆ ಹಿಮ ತುಂಬಿತ್ತು, ಊಟದ ಹೊತ್ತಲ್ಲಿ ಕ್ಯಾಟ್ ತಗೊಂಡು ಹೋಗಿ ಸ್ವಲ್ಪ ಬಿಡಿಸ್ಕೊಂಡು ಬಾ ಅಂದೆ. ಮೇಲೆ ಯಾರೂ ಇಲ್ಲ, ಮುಚ್ಚಿದೆಯಲ್ಲ, ಯಾರೂ ಮುಟ್ಟಲ್ಲ ಅಂದ್ಕೊಂಡೆ." ಅವಳು ಅಂಗೈಯಿಂದ ಬಾಯಿ ಒತ್ತಿಕೊಂಡಳು. "ಪಾಪ, ದಿನಾ ಊಟ ಆದ್ಮೇಲೆ ಕ್ಯಾಟ್ ಕ್ಯಾಬಿನ್ನಲ್ಲೇ ಅರ್ಧ ಗಂಟೆ ನಿದ್ದೆ ಹೊಡೀತಿದ್ದ. ಅವತ್ತು ನಾನು ಎಬ್ಬಿಸಿ ಕಳಿಸಿದೆ."

ಜೊಸ್ಲಿನ್ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದಳು. "ಬೇರೆಯವರಿಗೆ ತಿಳಿಸಿದ್ರಾ?"

"ರೇಡಿಯೊದಲ್ಲಿ ಹೇಳಿದೆ. ಹೇಳಿದ್ದನ್ನ ಕೇಳಿಸ್ಕೊಂಡವರು ತಿರುಗಿ ಹೇಳ್ಬೇಕು, ಅದು ಪದ್ಧತಿ. ಮಿಶಾ ಹೇಳಿದ. ಓಪಾ ಮೇಲೆ, ಬೆಟ್ಟದ ಬೆನ್ನಿನ ಏಣಿನ ಮೇಲಿದ್ರು, ಮಧ್ಯಾಹ್ನದ ಸ್ಕೀಗೆ ಮುಂಚೆ ಹಿಮ ಗಟ್ಟಿ ಇದೆಯಾ ಅಂತ ಗುಂಡಿ ತೋಡಿ ನೋಡ್ತಿದ್ರು. ಅವರು ಹೇಳಲಿಲ್ಲ. ಎರಡು ಸಲ ಕರೆದೆ. ಚಳಿಗೆ ಬ್ಯಾಟರಿ ಸತ್ತಿರ್ಬೇಕು ಅಂದ್ಕೊಂಡೆ."

ಅವಳಿಗೆ ಅದು ದೊಡ್ಡ ವಿಷಯ ಅನ್ನಿಸಿದಂತೆ ಕಾಣಲಿಲ್ಲ. ಕಲ್ಮಕಾಫ್‌ಗೂ ಆಗ ಅನ್ನಿಸಲಿಲ್ಲ.

ಮಧ್ಯಾಹ್ನ ರೂಬೆನ್‌ನ ಹೇಳಿಕೆ ಪಡೆಯಲು ಅವನ ಮನೆಗೆ ಹೋದರು. ಒಳಕೋಣೆಯಲ್ಲಿ ಥೀಯಾ ಮಾತ್ರೆ ನುಂಗಿ ಮಲಗಿದ್ದಳು, ಅದಕ್ಕೇ ದನಿ ತಗ್ಗಿಸಿ ಮಾತಾಡಿದರು. ನೆರೆಯವರು ಪೈ ತಂದು ಮೇಜಿನ ತುಂಬ ಇಟ್ಟಿದ್ದರು. ಸ್ಕೀ ಕಂಪನಿಯ ಮಾಲೀಕ ಬಂದು ಕಾಲು ಹಿಡಿಯುವುದೊಂದು ಬಾಕಿ, ನಿನ್ನ ಮಾತು ಕೇಳಬೇಕಿತ್ತು ಓಪಾ ಎಂದು ಅತ್ತು ಹೋಗಿದ್ದನಂತೆ.

"ಮಿಶಾನ ರಸ್ತೆಗೆ ಕಳಿಸ್ತಿದೀನಿ ಅಂತ ಪಿಯಾ ಹೇಳಿದ್ದು ನಿಮಗೆ ಕೇಳಿಸ್ತಾ?"

ರೂಬೆನ್ ಮಲಗಿದ್ದ ಮಗಳ ಕೋಣೆಯ ಕಡೆ ನೋಡಿದ. "ಕೇಳಿಸ್ತು."

"ತಿರುಗಿ ಹೇಳಿದ್ರಾ?"

"ಹೂಂ, ಕೇಳಿಸ್ತು ಅಂತ ತಿರುಗಿ ಹೇಳ್ದೆ. ಆಗ್ಲೇ ತಡೀಬೇಕಿತ್ತು. ಅವಳು ಮುಖ್ಯಸ್ಥೆ, ಸುಮ್ಮನಾದೆ."

"ನೀವು ಎಲ್ಲಿದ್ರಿ?"

"ಪೂರ್ವದ ಸ್ಪ್ರೂಸ್ ತೋಪಲ್ಲಿ. ಗುಂಡಿ ತೋಡ್ತಿದ್ದೆ. ಸದ್ದು ಕೇಳಿ ಇಳಿದು ಬಂದೆ."

ಗಾಡಿಗೆ ಬಂದ ಮೇಲೆ ಜೊಸ್ಲಿನ್ ಬಾಗಿಲು ಹಾಕಿಕೊಂಡು ಟಿಪ್ಪಣಿ ಪುಸ್ತಕ ತೆರೆದಳು. "ಒಬ್ಬರು ಉತ್ತರ ಕೊಟ್ಟೆ ಅಂತಾರೆ, ಒಬ್ಬರು ಕೊಡಲಿಲ್ಲ ಅಂತಾರೆ."

"ದುಃಖದಲ್ಲಿರೋರು. ನೆನಪು ಕಲಸುಮೇಲೋಗರ ಆಗಿರತ್ತೆ," ಎಂದ ಕಲ್ಮಕಾಫ್. "ಅತಿಥಿಗಳನ್ನ ವಿಚಾರಿಸು."

ಸಂಜೆಯೊಳಗೆ ಅವಳು ವಿಚಾರಿಸಿದಳು. ಊಟದ ಗುಡಿಸಲಿನಲ್ಲಿ ಪಿಯಾಳ ಎದುರಿಗೇ ಕೂತಿದ್ದ ಹಲ್ಲಿನ ಡಾಕ್ಟರೊಬ್ಬ ಎಲ್ಲ ಕೇಳಿಸಿಕೊಂಡಿದ್ದ. ರೇಡಿಯೊದಲ್ಲಿ ಚಾಲಕನ ದನಿ ಬಂತು, ಮುದುಕನದು ಬರಲಿಲ್ಲ. ಅದಕ್ಕೊಂದು ತಮಾಷೆಯೂ ಆಗಿತ್ತಂತೆ. 'ನಮ್ಮ ಬೇಡಪ್ಪಂಗೆ ಉತ್ತರ ಕೊಡೋದೂ ಬೇಡವಂತೆ' ಎಂದು ಯಾರೋ ಅಂದರು, ಎಲ್ಲರೂ ನಕ್ಕರು.

"ಬೇಡಪ್ಪ ಅಂದ್ರೆ?"

"ಓಪಾಗೆ ಅತಿಥಿಗಳು ಇಟ್ಟಿರೋ ಹೆಸರು ಸಾರ್ಜ್. ಕಂಪನಿಯ ಎಲ್ಲ ಜಾಹೀರಾತು ಚಿತ್ರಗಳಲ್ಲೂ ಇರೋದು ಬಿಳಿಗತ್ತೇನೇ. ಅದಕ್ಕೇ ದುಡ್ಡು ಕೊಟ್ಟು ಬಂದಿದೀವಿ, ಈ ಮುದುಕ ದಿನಾ ಬೇಡ ಅಂತಾನೆ ಅಂತ ಗೊಣಗ್ತಿದ್ರಂತೆ. ಅವರ ಮುಂದೇನೇ ಕರೀತಿದ್ರು. ಈ ಅತಿಥಿಗಳ ಸುತ್ತೇ ನಿನ್ನ ಕೊನೇದು, ಆಮೇಲೆ ಕೆಲಸ ಇಲ್ಲ ಅಂತ ಮಾಲೀಕ ಗುರುವಾರ ಓಪಾಗೆ ಹೇಳಿದಾನೆ."

ಮರುದಿನ ಸ್ಥಳ ಮಹಜರು. ಪಕ್ಕದ ಕಣಿವೆಯ ಬೇರೊಂದು ಕಂಪನಿಯ ಮಾರ್ಗದರ್ಶಿಯೊಬ್ಬಳನ್ನು ಪಂಚ ಸಾಕ್ಷಿಯಾಗಿ ಕರೆದುಕೊಂಡು ಮೇಲೆ ಹೋದರು. ಶುಕ್ರವಾರದಿಂದ ಒಂದು ಚೂರೂ ಹಿಮ ಬಿದ್ದಿರಲಿಲ್ಲ, ಗಾಳಿಯೂ ಇರಲಿಲ್ಲ. ಬಿದ್ದ ಹೆಜ್ಜೆ ಬಿದ್ದ ಹಾಗೇ ಇತ್ತು. ಹೀಗಾಗುವುದು ಅಪರೂಪ. ಮಿಶಾ ಸತ್ತ ದಿನ ಇದು ಅಪಘಾತ ಎಂದೇ ಎಲ್ಲರೂ ನಂಬಿದ್ದರಿಂದ ಏಣಿನ ಮೇಲೆ ಯಾರೂ ಹತ್ತಿರಲಿಲ್ಲ.

ಮೊದಲು ಸ್ಪ್ರೂಸ್ ತೋಪು. ರೂಬೆನ್ ಹೇಳಿದ ಜಾಗವನ್ನು ಮೂವರೂ ಹುಡುಕಿದರು. ಗುಂಡಿ ಇರಲಿಲ್ಲ, ಸ್ಕೀ ಜಾಡೂ ಇರಲಿಲ್ಲ. ಇದ್ದದ್ದು ಒಂದು ಮೊಲದ ಹೆಜ್ಜೆ.

ಜಾಡು ಸಿಕ್ಕಿದ್ದು ಏಣಿನ ಮೇಲೆ. ಒಬ್ಬನೇ ನಡೆದ ಜಾಡು, ನೇರ ಬಿಳಿಗತ್ತೆಯ ನೆತ್ತಿಗೆ. ಅಲ್ಲಿ ಗಾಳಿ ವರ್ಷವೂ ಹಿಮದ ಸೂರು ಕಟ್ಟುತ್ತದೆ, ಇಳಿಜಾರಿನ ಮೇಲೆ ಮನೆಯ ಸೂರಿನ ಹಾಗೆ ಚಾಚಿಕೊಂಡಿರುತ್ತದೆ. ಲಾರಿಗಟ್ಟಲೆ ತೂಕ. ಸೂರಿನ ಒಂದು ಭಾಗ ಕಡಿದು ಬಿದ್ದಿತ್ತು.

ಸಾಕ್ಷಿಯಾಗಿ ಬಂದ ಮಾರ್ಗದರ್ಶಿ ಹೊಟ್ಟೆಯ ಮೇಲೆ ಮಲಗಿ ಅಂಚಿಗೆ ತೆವಳಿದಳು. ಮುರಿದ ಅಂಚಿನುದ್ದಕ್ಕೂ ಕೈ ಆಡಿಸಿದಳು.

"ತಾನಾಗೇ ಬಿದ್ದ ಸೂರು ವಕ್ರವಾಗಿ ಹರೀತದೆ," ಎಂದಳು ಕೊನೆಗೆ. "ಇದು ಗೆರೆ ಎಳೆದಂಗಿದೆ. ಗರಗಸದ ಹಲ್ಲು ಕಾಣ್ತಿದೆ ನೋಡಿ. ಹಿಮ ಪರೀಕ್ಷೆಗೆ ಅಂತ ನಾವೆಲ್ಲ ಒಂದು ಗರಗಸ ಇಟ್ಕೊಂಡಿರ್ತೀವಿ. ಅದನ್ನ ಕೋಲಿಗೆ ಕಟ್ಟಿ ಕೊಯ್ದಿದಾರೆ. ಸೂರು ಕೆಡವೋ ಕೆಲಸ ನಾವೂ ಮಾಡ್ತೀವಿ, ಆದ್ರೆ ಕೆಳಗೆ ಯಾರೂ ಇಲ್ಲ ತಾನೇ ಅಂತ ರೇಡಿಯೊದಲ್ಲಿ ಕೂಗಿ, ಎಲ್ಲರೂ ಉತ್ತರ ಕೊಟ್ಟ ಮೇಲೆ."

ಶುಕ್ರವಾರ ಆ ಹೊತ್ತಿನಲ್ಲಿ ಬೆಟ್ಟದ ಮೇಲ್ಭಾಗದಲ್ಲಿ ಇದ್ದದ್ದು ಒಬ್ಬನೇ ಮನುಷ್ಯ. ಅವನ ಬೆರಳ ಪಟ್ಟಿಗಳು, ಮಗಳ ಮೊಣಕೈ ಹಿಡಿದ ಕೈ ಕಲ್ಮಕಾಫ್‌ನ ಕಣ್ಣ ಮುಂದೆ ಬಂದವು. ಜಾಡಿನ ಪಕ್ಕ ಬಗ್ಗಿ ಅದನ್ನು ಮತ್ತೊಮ್ಮೆ ನೋಡಿದ.

"ಸಾರ್ಜ್?" ಎಂದಳು ಜೊಸ್ಲಿನ್.

"ಚಿತ್ರ ತೆಗಿ. ಅಳತೆ ಹಾಕು," ಎಂದ.

ಮೇಲಿಂದ ಬಗ್ಗಿ ನೋಡಿದರೆ ರಸ್ತೆ ಕಾಣುತ್ತಿರಲಿಲ್ಲ, ಇಳಿಜಾರಿನ ಉಬ್ಬು ಅಡ್ಡವಾಗಿತ್ತು. ಅದನ್ನೂ ಮಹಜರಿನಲ್ಲಿ ಬರೆಸಿದ.

ಸಂಜೆ ನಾಲ್ಕಕ್ಕೆ ರೂಬೆನ್‌ನನ್ನು ಠಾಣೆಗೆ ಕರೆಸಿದರು. ಬೇಕಾದರೆ ವಕೀಲರನ್ನು ಕರೆಸಬಹುದು, ಉತ್ತರ ಕೊಡಲೇಬೇಕೆಂದಿಲ್ಲ ಎಂದು ಕಲ್ಮಕಾಫ್ ಮೊದಲೇ ಓದಿ ಹೇಳಿದ. ರೂಬೆನ್ ಬೇಡವೆಂದು ಕೈ ಅಲ್ಲಾಡಿಸಿದ.

"ಸೂರಿನ ಹತ್ರ ಯಾಕೆ ಹೋಗಿದ್ರಿ?"

ರೂಬೆನ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಗುಂಡಿ ಎಲ್ಲಿ ತೋಡಿದ್ರಿ?"

"ತೋಪಲ್ಲಿ ಅಂದ್ನಲ್ಲ."

"ತೋಪಲ್ಲಿ ಮೊಲದ ಹೆಜ್ಜೆ ಬಿಟ್ರೆ ಏನೂ ಇಲ್ಲ. ನಿಮ್ಮ ಜಾಡು ಬಿಳಿಗತ್ತೆ ನೆತ್ತಿಗೆ ಹೋಗಿದೆ. ಸೂರು ಗರಗಸದಲ್ಲಿ ಕೊಯ್ದಿದೆ." ಕಲ್ಮಕಾಫ್ ಚಿತ್ರಗಳನ್ನು ಮೇಜಿನ ಮೇಲೆ ಹರಡಿದ. "ಈಗ ಕೇಳಿ ಓಪಾ. ಪಿಯಾ ರೇಡಿಯೊದಲ್ಲಿ ಹೇಳಿದ್ದು ಕೇಳಿಸ್ತು ಅಂತ ನಿನ್ನೆ ಹೇಳಿದೀರಿ. ಕೇಳಿಸಿದ್ದು ನಿಜ ಆದ್ರೆ, ಅಳಿಯ ಕೆಳಗಿದಾನೆ ಅಂತ ಗೊತ್ತಿದ್ದೇ ಕೊಯ್ದ್ರಿ. ಅದು ಕೊಲೆ. ಕೇಳಿಸಿಲ್ಲ ಅಂದ್ರೆ ರೇಡಿಯೊ ಆರಿಸಿದ್ರಿ, ನಿನ್ನೆ ಸುಳ್ಳು ಹೇಳಿದ್ರಿ. ಯಾವುದು ಬರ್ಕೊಳ್ಳಲಿ?"

ಗೋಡೆಯ ಬಿಸಿ ಕೊಳವೆ ಟಕಟಕ ಎನ್ನುತ್ತಿತ್ತು. ರೂಬೆನ್ ಚಿತ್ರಗಳನ್ನು ಒಂದೊಂದಾಗಿ ಎತ್ತಿ ನೋಡಿದ, ಅಂಗಡಿಯಲ್ಲಿ ಸಾಮಾನು ನೋಡುವವನ ಹಾಗೆ ನಿಧಾನವಾಗಿ.

"ಆರಿಸಿದ್ದೆ," ಎಂದ.

"ಯಾಕೆ?"

"ಸೂರು ಕೆಡವ್ತೀನಿ ಅಂತ ಕೂಗಿದ್ರೆ ಪಿಯಾ ಬೇಡ ಅಂತಿದ್ಲು. ಒಬ್ಬರು ಬೇಡ ಅಂದ್ರೆ ಮುಗೀತಲ್ಲ." ತುಟಿಯ ಕೊನೆ ಕೊಂಕಿತು, ನಗುವೋ ಅಳುವೋ ಗೊತ್ತಾಗಲಿಲ್ಲ. "ಇಳಿಜಾರು ಮುಚ್ಚಿತ್ತು ವೆಂಡೆಲ್. ನಾನೇ ಮುಚ್ಚಿಸಿದ್ದು. ಅತಿಥಿಗಳೆಲ್ಲ ಊಟಕ್ಕೆ ಕೂತಿದ್ರು. ಮಿಶಾ ನಿದ್ದೇಲಿರ್ತಾನೆ. ಒಂದು ಸಲ ಅದು ಪೂರ್ತಿ ಇಳಿದು ಬರ್ಲಿ, ಗುಡಿಸಲಿಂದ ಎಲ್ಲರೂ ನೋಡ್ಲಿ ಅಂದ್ಕೊಂಡೆ. ಆಮೇಲೆ ಬೇಡಪ್ಪ ಅನ್ನೋದು ನಿಲ್ಲಿಸ್ತಾರೆ ಅಂದ್ಕೊಂಡೆ."

"ಗರಗಸ?"

"ಚೀಲದಲ್ಲೇ ಇದೆ. ಮನೇಲಿ." ಪಟ್ಟಿ ಸುತ್ತಿದ ಬೆರಳುಗಳನ್ನು ಮಡಚಿದ. "ಇಳಿದು ಬಂತು. ಪುಡಿ ಪದರದಿಂದಾನೇ ಕಿತ್ಕೊಂಡು ಬಂತು, ನಾನು ಹೇಳಿದ್ದು ಹೇಳಿದಂಗೆ. ಖುಷಿಯಾಯ್ತು ನಂಗೆ. ದೇವರಾಣೆ, ಜೋರಾಗಿ ಕೂಗ್ದೆ. ಆಮೇಲೆ ರೇಡಿಯೊ ಹಚ್ಚಿದೆ. ಪಿಯಾ ಮಿಶಾ ಮಿಶಾ ಅಂತ ಕಿರಿಚ್ತಿದ್ಲು."

ಜೊಸ್ಲಿನ್ ತಲೆ ಎತ್ತಲಿಲ್ಲ. ಅವಳ ಪೆನ್ನು ಅದೇ ಸಾಲಿನಲ್ಲಿ ನಿಂತುಬಿಟ್ಟಿತ್ತು.

"ಪಿಯಾ ಜೈಲಿಗೆ ಹೋಗ್ತಿದ್ಲು," ಎಂದ ಕಲ್ಮಕಾಫ್. ಅವನ ದನಿ ತಾನಾಗಿಯೇ ಏರಿತು. "ನೀವು ಕೈ ಹಿಡಿದು ಕಲಿಸಿದ ಹುಡುಗಿ. ನೀವು ಸುಮ್ನಿದ್ರಿ!"

"ಥೀಯಾಗೆ ಗಂಡ ಹೋದ. ಅಪ್ಪನೂ ಹೋದ್ರೆ ಅವಳಿಗ್ಯಾರು ಅಂತ... ಇಲ್ಲ. ಅದೂ ಸುಳ್ಳೇ. ಊರವರೆಲ್ಲ ಬಂದು, ನೀನು ಹೇಳಿದ್ದು ಸರಿ ಓಪಾ ಅಂತಿದ್ರು. ನಿಜ ಹೇಳೋಕೆ ಬಾಯಿ ಬರಲಿಲ್ಲ."

ಸಂಜೆ ಐದೂವರೆಗೆ ರೂಬೆನ್ ಗೀಸ್‌ಬ್ರೆಕ್ಟ್‌ನನ್ನು ಬಂಧಿಸಲಾಯಿತು. ಮಗಳಿಗೆ ತಾನೇ ಹೇಳುತ್ತೇನೆ ಎಂದು ಅವನು ಬೇಡಿಕೊಂಡ. ಕಾನೂನಿನಲ್ಲಿ ಅದಕ್ಕೆ ಎಡೆಯಿದೆಯೋ ಇಲ್ಲವೋ, ಕಲ್ಮಕಾಫ್ ಒಪ್ಪಿದ. ಅವಳಿಗೆ ಅದನ್ನು ಹೇಳುವ ಧೈರ್ಯ ಅವನಿಗೇ ಇರಲಿಲ್ಲ.

ಥೀಯಾ ಬಂದಳು. ಅಪ್ಪ ಹೇಳಿದ್ದನ್ನು ನಿಂತೇ ಕೇಳಿದಳು. ಕಿರುಚಲಿಲ್ಲ, ಹೊಡೆಯಲಿಲ್ಲ. ಮೇಜಿನ ಅಂಚು ಹಿಡಿದುಕೊಂಡಳು. ಜೊಸ್ಲಿನ್ ಹತ್ತಿರ ಹೋದಾಗ ಕೈ ಅಡ್ಡ ಹಿಡಿದು ತಡೆದಳು.

"ಶುಕ್ರವಾರ ರಾತ್ರಿ ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಬೆಳಗಿನವರೆಗೂ ಕೂತಿದ್ಯಲ್ಲಪ್ಪಾ. ಅವನಿಗೆ ನೋವಾಗಿರಲ್ಲ ಪುಟ್ಟಿ, ನಿದ್ದೆ ಬಂದಂಗೆ ಹೋಗಿರ್ತಾನೆ ಅಂತ ಹೇಳ್ತಿದ್ಯಲ್ಲ. ಆಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ತಲೆಯಾಡಿಸಿದಳು, ದಾರಿ ಕೇಳಿ ತಿಳಿದುಕೊಂಡವಳ ಹಾಗೆ. ಕೋಟಿನ ಗುಂಡಿಗಳನ್ನು ಒಂದೂ ಬಿಡದೆ ಹಾಕಿಕೊಂಡು ಹೊರಗೆ ಹೋದಳು. ರೂಬೆನ್ ಆ ಬಾಗಿಲನ್ನೇ ನೋಡುತ್ತಿದ್ದ. ಅವನನ್ನು ಒಳಗೆ ಕರೆದೊಯ್ಯಲು ಜೊಸ್ಲಿನ್ ಎರಡು ಸಲ ಕರೆಯಬೇಕಾಯಿತು.

ಕಲ್ಮಕಾಫ್ ಪಿಯಾಳಿಗೆ ಫೋನ್ ಮಾಡಿ ವಿಷಯ ತಿಳಿಸಿದ. ಆಮೇಲೆ ಅವನು ವರದಿ ಬರೆಯಲು ಕೂತ. ಯಾರು, ಎಲ್ಲಿ, ಹೇಗೆ ಎಂಬುದೆಲ್ಲ ಸಲೀಸಾಗಿ ಮುಗಿಯಿತು. ಕೃತ್ಯಕ್ಕೆ ಕಾರಣ ಎಂಬಲ್ಲಿ ಬಂದು ಬಹಳ ಹೊತ್ತು ನಿಂತ. ಕೊನೆಗೆ ಒಂದೇ ಸಾಲು ಬರೆದ: ಆರೋಪಿಯ ಮಾತನ್ನು ಎಲ್ಲರೂ ಪಾಲಿಸುತ್ತಿದ್ದರು, ಯಾರೂ ನಂಬುತ್ತಿರಲಿಲ್ಲ.

ಜೊಸ್ಲಿನ್ ಹೆಗಲ ಮೇಲಿಂದ ಬಗ್ಗಿ ಓದಿದಳು. "ಇಷ್ಟೇನಾ ಸಾರ್ಜ್? ಇಷ್ಟಕ್ಕೇನಾ?"

"ಇಷ್ಟಕ್ಕೇನೇ," ಎಂದ ಕಲ್ಮಕಾಫ್, ಮತ್ತು ದೀಪ ಆರಿಸದೆ ಅಲ್ಲೇ ಕೂತಿದ್ದ.