ಮೆಟ್ಟಿಲಾಗಿದ್ದ ಬೀಸುವ ಕಲ್ಲು

“ಸ್ವಲ್ಪ ಕಾಲು ತೆಗೀರಿ ಮಿಲ್ಲಿನೋರೇ. ನಮ್ಮಜ್ಜಿ ಮೇಲೆ ನಿಂತಿದ್ದೀರ.”

ಗೋವಿಂದರಾಜು ಬೆಚ್ಚಿ ಕೆಳಗೆ ನೋಡಿದ. ಅಜ್ಜಿ ಇರಲಿಲ್ಲ. ಹಿಟ್ಟಿನ ಮಿಲ್ಲಿಗೆ ಹತ್ತುವ ಮೆಟ್ಟಿಲಿತ್ತು, ಅಷ್ಟೆ. ದುಂಡನೆಯ ಕಲ್ಲು, ನಡುವೆ ತೂತು. ನಂದಗುಡಿಯ ಅರ್ಧ ಊರು ಆ ಕಲ್ಲನ್ನು ತುಳಿದುಕೊಂಡೇ ರಾಗಿ ಬೀಸಿಸಿಕೊಂಡು ಹೋಗುತ್ತಿತ್ತು.

ಎದುರಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದವಳು ಪಿಳ್ಳಪ್ಪನ ಮಗಳು ಮುನಿಗಂಗಮ್ಮ. ಊರಿನ ಹುಡುಗಿಯರೆಲ್ಲ ಅವನನ್ನು ಗೋವಿಂದಣ್ಣ ಎನ್ನುತ್ತಿದ್ದರು. ಗಂಗಮ್ಮ ಮಾತ್ರ ಯಾವತ್ತೂ ಆ ಅಣ್ಣನನ್ನು ಸೇರಿಸಿದವಳಲ್ಲ. ಯಾಕೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೂ ಗೊತ್ತಿರಬೇಕು ಅಂತ ಅವಳ ಲೆಕ್ಕ.

“ರಾಗಿ ಎಲ್ಲಿ?” ಅವನ ರೆಪ್ಪೆ, ಮೀಸೆಯ ಮೇಲೆಲ್ಲ ಹಿಟ್ಟು.

“ಬೀಸಿಸೋಕೆ ಬಂದಿಲ್ಲ. ಕಲ್ಲು ಕೇಳೋಕೆ ಬಂದೆ. ಹೊಸಕೋಟೇಲಿ ಯುವಜನ ಮೇಳ ಐತಲ್ಲ, ರಾಗಿ ಬೀಸೋ ಪದಕ್ಕೆ ಹೆಸರು ಕೊಟ್ಟಿದ್ದೀನಿ.”

“ಹಾಡೋಕೆ ಕಲ್ಲ್ಯಾಕೆ? ನಿನ್ನ ಬಾಯಿ ಮುಂದೆ ನನ್ನ ಇಂಜಿನ್ನೇ ಸೋಲ್ತದೆ.”

“ಕಲ್ಲು ತಿರುಗದಿದ್ರೆ ಪದ ಬರಲ್ಲ ಅಂತಾಳೆ ಅಜ್ಜಿ. ಮಿಲ್ಲು ಶುರುವಾದ ದಿನ ಅವಳೇ ತಂದು ನಿಮ್ಮಪ್ಪಂಗೆ ಕೊಟ್ಟಿದ್ದು, ‘ಇನ್ನು ನನಗೆ ಇದರ ಕಾಟ ತಪ್ತು’ ಅಂತ. ಕೆಳಗಿನ ಕಲ್ಲು ನಮ್ಮ ಹಿತ್ತಿಲಲ್ಲೇ ಐತೆ, ಕೋಳಿಗೆ ನೀರಿಡೋಕೆ.”

ಅವನು ಬಗ್ಗಿ ಕಲ್ಲಿನ ಮೇಲೆ ಕೈಯಾಡಿಸಿದ. ಅಂಗೈ ಅಲ್ಲೇ ಒಂದಿಷ್ಟು ಹೊತ್ತು ನಿಂತಿತು.

“ತುಳಿದೂ ತುಳಿದೂ ನುಣ್ಣಗಾಗಿದೆ. ಉಳಿ ಹೊಡೆದು ಒರಟು ಮಾಡ್ಬೇಕು. ನಾನೇ ತಂದ್ಕೊಡ್ತೀನಿ, ಹೋಗು.”

“ಹೋಗು ಅನ್ನಬಾರದು, ಹೋಗಿ ಬಾ ಅನ್ಬೇಕು” ಎಂದು ಹೇಳಿ, ಅವನ ನಗು ಪೂರ್ತಿ ಮುಖಕ್ಕೆ ಹರಡುವ ಮೊದಲೇ ಗಂಗಮ್ಮ ತಿರುಗಿ ನಡೆದಳು. ಹಿಂದೆ ಇಂಜಿನ್ನಿನ ಸದ್ದಿನಲ್ಲಿ ಯಾರೋ ಶಿಳ್ಳೆ ಹಾಕಿದ ಹಾಗಾಯಿತು.

ಮರುದಿನ ಇಳಿಬಿಸಿಲಿನಲ್ಲಿ ಕಲ್ಲು ಬಂತು. ಜತೆಗೆ ಅವನೂ, ಅವನ ಉಳಿ ಸುತ್ತಿಗೆಯೂ. ಹಿತ್ತಿಲಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಮ್ಮಯಮ್ಮಜ್ಜಿ ಕೆಲಸ ಬಿಟ್ಟು ನೋಡಿದಳು. ಅವನು ಎರಡೂ ಕಲ್ಲಿಗೆ ಸಣ್ಣ ಸಣ್ಣ ಏಟು ಹಾಕಿ, ಬೇವಿನ ಗೂಟವೊಂದನ್ನು ಕೆತ್ತಿ ಕೂರಿಸಿ, ಮೇಲಿನದನ್ನು ಕೆಳಗಿನದರ ಮೇಲೆ ಇಳಿಸಿದ.

“ಸರಿಯಾಗಿದೆಯಾ ಅಂತ ನೋಡೋದು ಹೆಂಗಜ್ಜಿ?”

“ಬೀಸಿ ನೋಡೋದು ಕಣಪ್ಪ! ಕೂತ್ಕೊ. ಲೇ ಗಂಗಿ, ನೀನು ಈ ಕಡೆ.”

“ಗಂಡಸು ಬೀಸೋ ಕಲ್ಲಿನ ಮುಂದೆ ಕೂತ್ರೆ ಜನ ನಗ್ತಾರಜ್ಜಿ.”

“ಊರಿಗೆಲ್ಲ ಬೀಸ್ತೀಯಲ್ಲ ದಿನಾ, ಅದಕ್ಯಾರೂ ನಗಲ್ವಾ?”

ಇಬ್ಬರೂ ಎದುರುಬದುರು ಕೂತರು. ಗೂಟ ಒಂದೇ, ಮೇಲೆ ಅವಳ ಕೈ, ಕೆಳಗೆ ಅವನದು. ಅವಳು ಎಳೆದಾಗ ಅವನೂ ಎಳೆದ. ಕಲ್ಲು ಗಕ್ಕನೆ ನಿಂತಿತು.

“ಅಯ್ಯೋ ನಿನ್ನ! ಅವಳು ಎಳೆದಾಗ ನೀನು ಬಿಡು, ನೀನು ಎಳೆದಾಗ ಅವಳು ಬಿಡಲಿ. ಈ ಕಲ್ಲಿನ ಮುಂದೆ ಕೂತ್ಕೊಂಡು ಜಗಳ ಆಡೋಕಾಗಲ್ಲ ಕಣಪ್ಪ.”

ಆಮೇಲೆ ಕಲ್ಲು ತಿರುಗಿತು. ಅವಳು ಎಳೆದಾಗ ಅವನ ಮುಖ ಹತ್ತಿರ ಬರುತ್ತಿತ್ತು, ಬಿಟ್ಟಾಗ ದೂರ ಹೋಗುತ್ತಿತ್ತು. ಹತ್ತಿರ ಬಂದಾಗ ಅವನು ರಾಗಿಯನ್ನು ನೋಡುತ್ತಿದ್ದ. ದೂರ ಹೋದಾಗ ಅವಳನ್ನು. ಗಂಗಮ್ಮ ಇದನ್ನು ಕಂಡುಹಿಡಿದು, ಬೇಕೆಂದೇ ನಿಧಾನಕ್ಕೆ ಬಿಟ್ಟಳು.

ಅಜ್ಜಿ ಪದದ ಕೊನೆಯನ್ನು ಹೇಳಿಕೊಟ್ಟಳು. ಎದುರಿಗೆ ಕೂತು ಬೀಸಿದವರನ್ನು ಹೊಗಳಿ, ಹೆಸರು ಹೇಳಿ ಮುಗಿಸಬೇಕು. ಅಕ್ಕನಾದರೆ ಅಕ್ಕ, ನಾದಿನಿಯಾದರೆ ನಾದಿನಿ.

“ಕಲ್ಲಿನ ಮುಂದೆ ಸುಳ್ಳು ಹೇಳ್ಬಾರ್ದು” ಎಂದಳು.

“ನೀನು ತಾತನ ಹೆಸರು ಹೇಳಿದ್ದೀಯಾ ಅಜ್ಜಿ?” ಗಂಗಮ್ಮ ಕೆಣಕಿದಳು.

“ಥೂ! ಗಂಡನ ಹೆಸರು ಯಾರಾದ್ರೂ ಬಾಯಿಬಿಟ್ಟು ಹೇಳ್ತಾರೇನೆ?” ಹೌದು, ರೇಷನ್ ಕಾರ್ಡಿನವರು ಬಂದು ಕೇಳಿದಾಗಲೂ ಅಜ್ಜಿ ಹೇಳಿರಲಿಲ್ಲ, ಮೊಮ್ಮಗಳ ಕಡೆ ಕೈ ತೋರಿಸಿ ಸುಮ್ಮನೆ ನಿಂತಿದ್ದಳು.

ಹೊರಟವನನ್ನು ಬೇಲಿಯ ತನಕ ಬಿಡಲು ಹೋದ ಗಂಗಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಮೇಳ ಮುಗಿದ ಸೋಮವಾರ ನನ್ನ ನೋಡೋಕೆ ಮಾಲೂರಿಂದ ಬರ್ತಾವ್ರೆ.”

ಅವನ ಕೈ ಬೇಲಿಯ ಕಡ್ಡಿಯ ಮೇಲೆ ನಿಂತಿತು. ಬಾಯಿ ತೆರೆಯಿತು. ಕೊನೆಗೆ ಬಂದ ಮಾತು, “ಒಳ್ಳೇ ಮನೆಯಾ?”

“ತುಂಬ ಒಳ್ಳೇ ಮನೆ. ನಡುಮನೇಲಿ ಟೀವಿ ಐತಂತೆ, ಅಡುಗೆ ಮನೇಲಿ ಮಿಕ್ಸಿ ಐತಂತೆ. ಬಾಯಿರೋ ಗಂಡೂ ಇರಬೌದು!”

ಅವನು ತಲೆ ತಗ್ಗಿಸಿ ಹೋದ. ಮಿಲ್ಲಿನಲ್ಲಿ ಊರಿಗೆಲ್ಲ ತಮಾಷೆ ಮಾಡುವ ನಾಲಿಗೆ ಇಲ್ಲಿ ಬಂದು ತೊದಲುತ್ತದಲ್ಲ ಎಂದು ಅವಳಿಗೆ ಸಿಟ್ಟು ಬಂತು. ಅತ್ತು ಕೂರುವ ಪೈಕಿ ಅಲ್ಲ ಅವಳು. ಅವನು ಹೇಳದಿದ್ದರೆ ಹೇಳಿಸಬೇಕು, ಅಷ್ಟೆ.

ಮೇಳದ ದಿನ ಹೊಸಕೋಟೆಯ ಮೈದಾನ ಗಿಜಿಗುಡುತ್ತಿತ್ತು. ಒಂದು ಮೂಲೆಯಲ್ಲಿ ಡೊಳ್ಳು, ಇನ್ನೊಂದರಲ್ಲಿ ಕೋಲಾಟದವರ ತಾಲೀಮು, ನಡುವೆ ಭಜನೆಯವರ ತಾಳ. ಅವರೆಕಾಳು ಉಸಲಿಯ ಬಿಸಿ ಹಬೆ ಚಳಿಗೆ ಹಿತವಾಗಿ ಮೂಗಿಗೆ ಬಡಿಯುತ್ತಿತ್ತು. ಬೆಂಗಳೂರಿನಿಂದ ಬಸ್ಸು ಮಾಡಿಕೊಂಡು ಬಂದವರು ಸ್ವೆಟರ್ ತೊಟ್ಟು, ಕ್ಯಾಮೆರಾ ನೇತುಹಾಕಿಕೊಂಡು, ವೀರಗಾಸೆಯವರ ಕತ್ತಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಗೋವಿಂದರಾಜು ಲಗೇಜ್ ಆಟೋದಲ್ಲಿ ಕಲ್ಲು ತಂದು ವೇದಿಕೆಯ ಹಿಂದೆ ಇಳಿಸಿದ.  ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿದ್ದ.

ಆಗ ಗಂಗಮ್ಮನ ಜತೆ ಬೀಸಬೇಕಿದ್ದ ದೊಡ್ಡಪ್ಪನ ಮಗಳು ಮಾರಕ್ಕ ಪರದೆ ಸರಿಸಿ ಹೊರಗೆ ಇಣುಕಿ, ಚೀರಿದಳು. “ಲೇ ಗಂಗಿ, ಮುಂದಿನ ಸಾಲಲ್ಲೇ ನಮ್ಮ ಮಾವ ಕೂತವ್ರೆ! ಅವರ ಮುಂದೆ ಕಾಲು ಚಾಚ್ಕೊಂಡು ಕೂತು ಬೀಸ್ಲಾ? ಸತ್ರೂ ಆಗಲ್ಲ ಕಣೆ!” ಸೆರಗು ಹೊದ್ದು ಓಡಿಯೇ ಬಿಟ್ಟಳು.

ಮೈಕಿನಲ್ಲಿ ಕರೆದರು. “ರಾಗಿ ಬೀಸುವ ಪದ, ನಂದಗುಡಿ ತಂಡ.”

ಗಂಗಮ್ಮ ತಿರುಗಿ ನೋಡಿದಳು. “ಬನ್ನಿ ಮಿಲ್ಲಿನೋರೇ.”

“ನಾನಾ? ಇಷ್ಟು ಜನದ ಮುಂದೆ?”

“ನಗ್ತಾರೆ ಅಂತ ಭಯ ಇದ್ರೆ ಇಲ್ಲೇ ನಿಂತ್ಕೊಳ್ಳಿ. ನಾನೊಬ್ಬಳೇ ಎಳೀತೀನಿ.”

 ಅವನು ಬಿಳಿ ಷರಟಿನ ತೋಳು ಮಡಿಸಿದ.

ವೇದಿಕೆಯ ಮೇಲೆ ತೀರ್ಪುಗಾರರು ತಡೆದರು. “ಇದು ಯುವತಿಯರ ವಿಭಾಗ ಕಣಮ್ಮ.”

“ಹಾಡೋಳು ನಾನು ಸಾರ್. ಇವರದ್ದು ಬೀಸೋದೇ ಕಸುಬು.”

ಜನ ಹೋ ಎಂದು ನಕ್ಕರು. “ಏನ್ ಗುರು, ಇಂಜಿನ್ ಕೆಟ್ಟೋಯ್ತಾ ಮಿಲ್ಲಲ್ಲಿ?” ಎಂದು ನಂದಗುಡಿಯವರು ಯಾರೋ ಕೂಗಿದರು. ಗೋವಿಂದರಾಜುವಿನ ಕಿವಿ ಕೆಂಪಾಯಿತು. ಆದರೂ ಕೂತ. ಗೂಟಕ್ಕೆ ಕೈಯಿಟ್ಟ. ಕಲ್ಲು ತಿರುಗಿತು, ಅದರ ಗುರುಗುರು ಸದ್ದು ಮೈಕಿನಲ್ಲಿ ಮೈದಾನವನ್ನೆಲ್ಲ ತುಂಬಿತು. ಅದರ ಮೇಲೆ ಗಂಗಮ್ಮನ ದನಿ ಎದ್ದಿತು. ನಗು ತಾನಾಗಿಯೇ ಅಡಗಿತು.

ಈ ಸಲ ಅವನು ಹತ್ತಿರ ಬಂದಾಗಲೂ ಅವಳನ್ನೇ ನೋಡುತ್ತಿದ್ದ.

ಪದ ಕೊನೆಗೆ ಬಂತು.

“ಎದುರೀಗೆ ಕೂತೋರು ಎಳೆದಾಗ ಬಿಟ್ಟೋರು
ಮುದುಡೀದ ಮನಸ ಅರಳಿಸಿ, ಬೀಸೋರ
ಹೆಸರ ಹೇಳೇನು ಕೇಳವ್ವ...”

ಅಲ್ಲಿಗೆ ಗಂಗಮ್ಮ ನಿಲ್ಲಿಸಿದಳು. ತುಟಿ ಮುಚ್ಚಿದಳು. ಕಲ್ಲು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಹೆಸರು ಬರಲಿಲ್ಲ.

“ಮರೆತುಹೋಯ್ತೇನಮ್ಮ? ಅವರ ಹೆಸರು ಹೇಳಿ ಮುಗಿಸು” ಎಂದರು ತೀರ್ಪುಗಾರರು.

“ಮರೆತಿಲ್ಲ ಸಾರ್. ಇವರ ಹೆಸರು ನಾನು ಹೇಳಂಗಿಲ್ಲ.”

ಮೊದಲು ಅರ್ಥವಾದದ್ದು ಜನರ ನಡುವೆ ಕೂತಿದ್ದ ಅಮ್ಮಯಮ್ಮಜ್ಜಿಗೆ. ಬೊಚ್ಚುಬಾಯಿ ತುಂಬ ನಕ್ಕು ಚಪ್ಪಾಳೆ ತಟ್ಟಿದಳು. ಆಮೇಲೆ ಮದುವೆಯಾದ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಬಾಯಿಗಿಟ್ಟುಕೊಂಡರು. ಗಂಡಸರಿಗೆ ತಿಳಿಯುವ ಹೊತ್ತಿಗೆ ಅರ್ಧ ಮೈದಾನ ಕೇಕೆ ಹಾಕುತ್ತಿತ್ತು. ಸ್ವೆಟರಿನ ಹೆಂಗಸೊಬ್ಬರು “ಏನಾಯ್ತು, ಏನಾಯ್ತು?” ಎಂದು ಪಕ್ಕದವರನ್ನು ಅಲುಗಿಸುತ್ತಿದ್ದರು.

ಗೋವಿಂದರಾಜುವಿನ ಕೈ ನಿಂತುಬಿಟ್ಟಿತ್ತು. ಗಂಗಮ್ಮ ಮೆಲ್ಲಗೆ ಗೂಟ ಎಳೆದಳು. ಅವನು ಬಿಟ್ಟ. ಆಮೇಲೆ ಮೈಕಿನ ಕಡೆ ಬಗ್ಗಿ, ಗಂಟಲು ಸರಿಮಾಡಿಕೊಂಡು, ಇಡೀ ತಾಲ್ಲೂಕಿಗೆ ಕೇಳುವ ಹಾಗೆ ಹೇಳಿದ.

“ನಾನು ಹೇಳ್ಬೌದಲ್ಲ ಸಾರ್? ಇವಳ ಹೆಸರು ಮುನಿಗಂಗಮ್ಮ. ನಮ್ಮೋಳು.”

ಬಹುಮಾನ ಬೂದಿಗೆರೆಯವರಿಗೆ ಹೋಯಿತು. ಪದ ಪೂರ್ತಿಯಾಗಲಿಲ್ಲವಂತೆ.

ಸಂಜೆ ಆಟೋಗೆ ಕಲ್ಲು ಹೇರುತ್ತಿದ್ದಾಗ ಅವನ ನಾಲಿಗೆ ಸಲೀಸಾಗಿತ್ತು. “ಅಪ್ಪನ್ನ ಕರ್ಕೊಂಡು ಭಾನುವಾರವೇ ಬಂದ್ಬಿಡ್ತೀನಿ. ಸೋಮವಾರದ ತನಕ ಯಾರು ಕಾಯ್ತಾರೆ?”

“ಈಗ ಬಂತು ನೋಡಿ ಬಾಯಿ.”

“ಇನ್ನೊಂದು ಮಾತು. ಆ ಮೆಟ್ಟಿಲು ಹೋದಾಗಿಂದ ಮಿಲ್ಲಿಗೆ ಬಂದೋರೆಲ್ಲ ಎಡವ್ತಾವ್ರೆ. ಕಲ್ಲು ವಾಪಸ್ ಕೊಡ್ತೀಯಾ?”

ಗಂಗಮ್ಮ ಆಟೋ ಹತ್ತಿ, ಕಲ್ಲಿನ ಪಕ್ಕದಲ್ಲೇ ಕೂತು, ಅದರ ಮೇಲೆ ಕೈಯಿಟ್ಟಳು.

“ಮೆಟ್ಟಿಲಿಗೆ ಬೇರೆ ಕಲ್ಲು ಹುಡುಕ್ಕೊಳ್ಳಿ. ಇದು ಬರೋದಾದ್ರೆ ಕೆಳಗಿನದನ್ನೂ ಕರ್ಕೊಂಡು, ನನ್ನ ಜತೆ, ಅಡುಗೆ ಮನೆಗೇ ಬರ್ತದೆ.”