ಉಪ್ಪು, ತುಪ್ಪ ಮತ್ತು ಮುನಿರಾಜು

"ಮುದ್ದೆ ಬೇಡ."

ಎಲೆಯ ಮೇಲೆ ಆಗಷ್ಟೇ ಇಟ್ಟ ಬಿಸಿ ರಾಗಿಮುದ್ದೆಯನ್ನು ಅವನು ಎರಡು ಬೆರಳಿನಿಂದ ಮೆಲ್ಲಗೆ ಆಚೆ ಸರಿಸಿದ.

ರಜನಿಗೆ ಮೈಯೆಲ್ಲ ಉರಿಯಿತು. ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನ ಹಿಂದಿದ್ದ ಗಂಗರತ್ನಮ್ಮನ ಮೆಸ್ಸಿನಲ್ಲಿ ಇಷ್ಟು ವರ್ಷಗಳಲ್ಲಿ ಯಾರೂ ಮುದ್ದೆಯನ್ನು ಹೀಗೆ ತಳ್ಳಿರಲಿಲ್ಲ. ಗಂಗರತ್ನಮ್ಮ ಅವಳ ಅಜ್ಜಿ. ಈಗ ಅಜ್ಜಿ ಗಲ್ಲಾದ ಮೇಲೆ, ರಜನಿ ಒಲೆಯ ಮುಂದೆ.

"ಅನ್ನ ಹಾಕ್ಲಾ ಹಂಗಾದ್ರೆ?"

"ಅನ್ನಾನೂ ಬೇಡ. ಸಾರಲ್ಲಿ ಈರುಳ್ಳಿ, ಕಾಯಿ, ಖಾರ ಇರುತ್ತಲ್ಲ... ಅದೂ ಬೇಡ. ಬರೀ ಮಾಂಸ ಉಪ್ಪು ಹಾಕಿ ಬೇಯ್ಸಿ ಕೊಡ್ತೀರಾ?"

"ಹಂಗೆ ಬೇಯ್ಸಿ ಯಾರಿಗೆ ಹಾಕ್ತಾರೆ ಗೊತ್ತೇನ್ರೀ?"

"ಗೊತ್ತು. ನಮ್ಮ ತೋಟದಲ್ಲೂ ಒಂದು ನಾಯಿ ಇದೆ. ಮೊನ್ನೆಯಿಂದ ಅದೂ ನನ್ನ ತಟ್ಟೆ ನೋಡಿ ಮುಖ ತಿರುಗಿಸ್ಕೊಂಡು ಹೋಗ್ತಿದೆ."

ನಗು ಬಂದುಬಿಟ್ಟೀತು ಎಂದು ರಜನಿ ತುಟಿ ಕಚ್ಚಿಕೊಂಡಳು. ಆಗಲೇ ಅವಳು ಅವನನ್ನು ಸರಿಯಾಗಿ ನೋಡಿದ್ದು. ದಣಿದ ಕಣ್ಣು. ಕತ್ತಿನ ತುಂಬ ಕೆಂಪಗೆ ಎದ್ದ ಗಂಧೆಗಳು!

ಅವನ ಹೆಸರು ಮುನಿರಾಜು. ಊರಾಚೆ ಆರು ಎಕರೆ ಮಾವಿನ ತೋಟ. ಒಂದು ವರ್ಷದಿಂದ ಏನು ತಿಂದರೂ ಮೈಮೇಲೆ ಗಂಧೆ. ಯಾವುದು ಆಗಿಬರುತ್ತಿಲ್ಲ ಎಂದು ಕಂಡುಹಿಡಿಯಲು ಡಾಕ್ಟರು ಎಲ್ಲವನ್ನೂ ನಿಲ್ಲಿಸಿದ್ದರು. ಮೂರು ತಿಂಗಳು ಮಾಂಸ, ಮೀನು, ಮೊಟ್ಟೆ, ತುಪ್ಪ, ಉಪ್ಪು ಅಷ್ಟೇ. ಆಮೇಲೆ ಒಂದೊಂದಾಗಿ ಬೇರೆ ಪದಾರ್ಥ ತಿಂದು ನೋಡಬೇಕು.

"ಇಪ್ಪತ್ತು ದಿನದಿಂದ ಬೇಯ್ಸಿದ ಮಾಂಸ, ಬೇಯ್ಸಿದ ಮೊಟ್ಟೆ... ಊಟದ ಹೊತ್ತು ಬಂದ್ರೆ ಭಯ ಆಗುತ್ತೆ ಕಣ್ರೀ" ಎಂದ.

"ಪಾಪಂ!" ಗಲ್ಲಾದಿಂದ ಅಜ್ಜಿ ಕೂಗಿದಳು. "ಲೇ ರಜನಿ, ಏನಾದ್ರೂ ಮಾಡ್ಕೊಡೇ!"

ಏನು ಮಾಡೋದು? ಈರುಳ್ಳಿ ಇಲ್ಲದೆ, ಖಾರ ಇಲ್ಲದೆ...

ಅಂದು ಅವಳು ಕೈಮಾವನ್ನು ತುಪ್ಪದಲ್ಲಿ ಗರಿಗರಿಯಾಗುವವರೆಗೂ ಹುರಿದಳು. ಮೊಟ್ಟೆಯನ್ನು ಕಾವಲಿಯ ಮೇಲೆ ತೆಳ್ಳಗೆ ಹರಡಿ, ಕೈಮಾವನ್ನು ಒಳಗಿಟ್ಟು ಮಸಾಲೆದೋಸೆಯಂತೆ ಮಡಚಿದಳು.

ಅವನು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ರೆಪ್ಪೆ ಒದ್ದೆಯಾಗಿತ್ತು.

ರಜನಿ ಒಲೆಯ ಕಡೆ ತಿರುಗಿಕೊಂಡಳು. ಎದೆಯೊಳಗೆ ಏನೋ ಮೆತ್ತಗೆ ಅಲುಗಿತ್ತು...

ಅಂದಿನಿಂದ ಅವನು ದಿನಾ ಬಂದ. ಗಿರಾಕಿಗಳೆಲ್ಲ ಎದ್ದುಹೋದ ಮೇಲೆ, ಮೂರು ಗಂಟೆಯ ಹೊತ್ತಿಗೆ. ಕಿಟಕಿಯಿಂದ ಹಳದಿ ಬಿಸಿಲು ಇಳಿದು ಅವನ ಎಲೆಯ ಪಕ್ಕದಲ್ಲಿ ಕೂರುತ್ತಿತ್ತು.

ರಜನಿಗೆ ನಿದ್ದೆಯಲ್ಲೂ ಅಡುಗೆಯದೇ ಕನಸು. ಪಡ್ಡಿನ ಹೆಂಚಿನ ಗುಳಿಗಳಿಗೆ ಮೊಟ್ಟೆ ಸುರಿದು ನಡುವೆ ಒಂದೊಂದು ಕುರಿ ಲಿವರಿನ ಚೂರು ಇಟ್ಟಳು. ಕುರಿಯ ಕಾಲುಗಳನ್ನು ಬೆಳಗಿನಿಂದ ಸಣ್ಣ ಉರಿಯಲ್ಲಿ ಬೇಯಿಸಿ, ತುಟಿಗೆ ಅಂಟುವಷ್ಟು ಗಟ್ಟಿಯಾದ ಸೂಪ್ ಮಾಡಿದಳು. ಕೆರೆ ಮೀನನ್ನು ಅದರದೇ ಮೊಟ್ಟೆಯ ಜೊತೆ ತುಪ್ಪದಲ್ಲಿ ಕರಿದಳು. ನಾಟಿಕೋಳಿಯ ಚರ್ಮವನ್ನು ಹಪ್ಪಳದಂತೆ ಹುರಿದು, ಸೂಪಿನ ಪಕ್ಕ ನೆಂಚಿಕೊಳ್ಳಲು ಇಟ್ಟಳು.

"ನಿನ್ನೆ ಇದ್ದಿದ್ದು ಇವತ್ತಿಲ್ಲ, ಇವತ್ತಿನದು ನಾಳೆ ಇರಲ್ಲ. ಇದೇ ನಾಲ್ಕು ಸಾಮಾನಲ್ಲಿ ಹೆಂಗ್ರೀ ಮಾಡ್ತೀರಾ?"

"ನೀವು ತಿನ್ನೋದು ನೋಡಿದ್ರೆ ಮಾಡ್ಬೇಕು ಅನ್ಸುತ್ತೆ." ಅಂದುಬಿಟ್ಟು ರಜನಿ ನಾಲಿಗೆ ಕಚ್ಚಿಕೊಂಡಳು.

ಒಂದು ದಿನ ಅವನು ತೋಟದ ಒಣಗಿದ ಮಾವಿನ ಕೊಂಬೆಗಳನ್ನು ಕಟ್ಟಿ ತಂದ. ರಜನಿ ಅದರ ಕೆಂಡದ ಮೇಲೆ ಚಾಪ್ಸ್ ಸುಟ್ಟಳು. ಕೊಬ್ಬು ಕರಗಿ ತೊಟ್ಟಿಕ್ಕಿದಾಗಲೆಲ್ಲ ಹೊಗೆ ಎದ್ದು ಅಡುಗೆಮನೆಯನ್ನು ತುಂಬಿತು.

ಮುನಿರಾಜು ಬಹಳ ಹೊತ್ತು ತಿನ್ನದೆ ಎಲೆಯನ್ನೇ ನೋಡುತ್ತಿದ್ದ.

"ಯಾಕ್ರೀ? ಸೀದು ಹೋಯ್ತಾ?"

"ಇಲ್ಲ... ನಮ್ಮ ತೋಟದ ವಾಸನೆ ಇದೆ ಇದರಲ್ಲಿ. ಈ ವರ್ಷ ಒಂದು ಹಣ್ಣೂ ತಿನ್ನೋ ಹಂಗಿಲ್ವಲ್ಲ ಅಂತ ಕೊರಗ್ತಿದ್ದೆ. ಮರಾನೇ ಕರೆಸಿಬಿಟ್ರಿ ನೀವು."

ಹೊಗೆಯ ನಡುವೆ ಇಬ್ಬರ ಕಣ್ಣೂ ಕಲೆತವು.

ಎರಡು ವರ್ಷದ ಹಿಂದೆ ರಜನಿಯನ್ನು ಒಪ್ಪಿದ್ದ ಗಂಡು, "ಮೆಸ್ ಮುಚ್ಚಿಸಿ, ಬೇರೆಯವರ ಎಂಜಲೆಲೆ ಎತ್ತೋದು ನಮ್ಮನೆತನಕ್ಕೆ ಸರಿಹೋಗಲ್ಲ" ಎಂದಿದ್ದ. ಅವಳೇ ಆ ಸಂಬಂಧ ಬೇಡ ಎಂದಿದ್ದಳು. ಇನ್ನು ಇದೆಲ್ಲ ತನಗಲ್ಲ ಅಂದುಕೊಂಡಿದ್ದಳು. ಈಗ ಮೂರು ಗಂಟೆ ಹೊಡೆಯುವ ಮೊದಲೇ ಕಿವಿ ಬೀದಿಯ ಕಡೆಗೆ ಹೋಗುತ್ತಿತ್ತು.

ಇವರಿಗೆ ವಾಸಿಯಾದ್ಮೇಲೆ... ಬರ್ತಾರಾ?

ಮೂರು ತಿಂಗಳು ಮುಗಿದರೂ ಮುನಿರಾಜು, "ಡಾಕ್ಟರು ಇನ್ನೂ ಸ್ವಲ್ಪ ದಿನ ಇದೇ ತಿನ್ನಿ ಅಂದಿದ್ದಾರೆ" ಎನ್ನುತ್ತಿದ್ದ.

ಬೇಸಿಗೆಯಲ್ಲಿ ಗೆಳತಿ ಶ್ವೇತಳ ಬೀಗರ ಊಟಕ್ಕೆ ರಜನಿ ಮುಳಬಾಗಿಲಿಗೆ ಹೋದಳು. ಛತ್ರದಲ್ಲಿ ಕೈತೊಳೆದು ಬರುವಾಗ ಎದುರು ಸಾಲಿನಲ್ಲಿ ಕಂಡ... ಮುನಿರಾಜು! ಅವನ ಎಲೆಯಲ್ಲಿ ಮುದ್ದೆ, ಖಾರದ ಸಾರು, ಸೌತೆಕಾಯಿ, ಅನ್ನ!

"ಅಯ್ಯೋ, ಇದೆಲ್ಲ ತಿಂತಿದ್ದೀರಲ್ಲ! ಗಂಧೆ ಏಳುತ್ತೆ!" ಎನ್ನುತ್ತಾ ಅವಳು ಓಡಿಬಂದಳು.

ಪಕ್ಕದಲ್ಲಿದ್ದ ಅವನ ಸೋದರಮಾವ ಕೋದಂಡರಾಮಪ್ಪ ನಕ್ಕ. "ಏನೂ ಆಗಲ್ಲಮ್ಮ. ಇವನಿಗೆ ಆಗದೇ ಇದ್ದಿದ್ದು ಕಡಲೆಕಾಯಿ ಒಂದೇ ಅಂತೆ. ಅದು ಗೊತ್ತಾಗಿ ತಿಂಗಳಾಯ್ತು. ಎಲ್ಲಾ ತಿಂತಾನೆ."

ತಿಂಗಳು!

ನಿನ್ನೆ ತಾನೇ ಅವಳು ಐದು ಗಂಟೆಗೆ ಎದ್ದು ಅವನಿಗಾಗಿ ಮೂಳೆ ಬೇಯಲು ಇಟ್ಟಿದ್ದಳು.

"ರಜನಿ, ನಾನು ಹೇಳ್ಬೇಕು ಅಂತಾನೇ..."

"ಚೆನ್ನಾಗಿ ಆಟ ಆಡಿಸಿದ್ರಿ" ಎಂದಳು ಅವಳು. "ನಾಳೆಯಿಂದ ಬರ್ಬೇಡಿ."

ಅವನು ಬಂದ. ಮಾರನೆಯ ದಿನ, ಅದರ ಮಾರನೆಯ ದಿನ. ರಜನಿ ಒಳಗಿನಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಅವನು ಬರಲಿಲ್ಲ.

ಅಂದು ಅವಳು ಕುರಿಯ ಮಿದುಳನ್ನು ತುಪ್ಪದಲ್ಲಿ ಹುರಿದು, ಅದಕ್ಕೆ ಮೊಟ್ಟೆಯ ಹಳದಿ ಕಲಸಿ, ಕೆನೆಯಷ್ಟು ನುಣ್ಣಗೆ ಮಾಡಿ ಬಟ್ಟಲಿಗೆ ಹಾಕಿದಳು. ಆಮೇಲೆ ನಿಂತು ನೋಡಿದಳು. ಇದು ಯಾರಿಗೆ?

ಅಜ್ಜಿ ಬಾಗಿಲಿಗೆ ಒರಗಿ ಕೇಳಿದಳು: "ಅವನು ಸುಳ್ಳು ಹೇಳಿದ, ಸರಿ. ಸುಳ್ಳು ಹೇಳಿ ಏನು ಕಿತ್ಕೊಂಡು ಹೋದ? ಉಪ್ಪುಮಾಂಸ ತಿಂದು ಹೋದ. ಊರಲ್ಲೆಲ್ಲ ಮಾವಿನಹಣ್ಣು ಘಂ ಅಂತಿರೋವಾಗ ಬಾಯಿ ಕಟ್ಕೊಂಡು ಇಲ್ಲಿ ಬಂದು ಕೂತಿದ್ದ. ಯಾಕೆ ಅಂತ ಯೋಚ್ನೆ ಮಾಡಿದೀಯೇನೇ?"

ರಜನಿ ಸೆರಗಿಗೆ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟಳು.

ತೋಟದಲ್ಲಿ ಕಾಯಿ ಕೀಳುವವರು ಹೊರಟುಹೋಗಿದ್ದರು. ಸಂಜೆಯ ಬಿಸಿಲು ಎಲೆಗಳ ನಡುವಿನಿಂದ ಜಾರಿ, ನೆಲದ ತುಂಬ ಬೆಳಕಿನ ಚುಕ್ಕೆ ಹರಡಿತ್ತು. ಗಾಳಿಯೇ ಸಿಹಿಯಾಗಿತ್ತು. ಮುನಿರಾಜು ಒಂದು ಮರದ ಬುಡದಲ್ಲಿ ಒಬ್ಬನೇ ಕೂತಿದ್ದ.

ಅವಳನ್ನು ಕಂಡು ಗಾಬರಿಯಿಂದ ಎದ್ದುನಿಂತ.

"ಯಾಕೆ ಹೇಳ್ಲಿಲ್ಲ?" ಅವಳು ನೇರವಾಗಿ ಕೇಳಿದಳು.

"ಭಯ ಆಯ್ತು."

"ಯಾವ ಭಯ?"

"ವಾಸಿ ಆಯ್ತು ಅಂದ್ರೆ... ನಾನೂ ಎಲ್ಲರ ಥರ ಒಂದು ಗಂಟೆಗೆ ಬಂದು, ಎಲ್ಲರ ಜೊತೆ ಊಟ ಮಾಡಿ, ದುಡ್ಡು ಕೊಟ್ಟು ಎದ್ದುಹೋಗ್ಬೇಕಿತ್ತು. ಮೂರು ಗಂಟೆಗೆ ನೀವು ನನಗೊಬ್ಬನಿಗೇ ಅಂತ ಮಾಡ್ತಿದ್ರಲ್ಲ... ಅದನ್ನ ಬಿಟ್ಟುಕೊಡೋಕೆ ಆಗ್ಲಿಲ್ಲ ರಜನಿ." ಅವನ ದನಿ ಇಳಿಯಿತು. "ನೀವು ಅಷ್ಟು ಬೇಗ ಎದ್ದು ಕಷ್ಟಪಡ್ತಿದ್ದೀರಿ ಅಂತ ಯೋಚ್ನೆ ಮಾಡ್ಬೇಕಿತ್ತು. ಮಾಡ್ಲಿಲ್ಲ. ತಪ್ಪು ನಂದೇ."

ರಜನಿಯ ಕಣ್ಣು ತುಂಬಿಬಂತು.

"ಕಷ್ಟ ಅಂತ ಯಾರ್ ಹೇಳಿದ್ದು? ನೀವು ಬರಲ್ಲ ಅಂತ ಗೊತ್ತಿದ್ದೂ ಇವತ್ತು ನಿಮಗೇ ಮಾಡಿಟ್ಟಿದ್ದೆ..."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಅವಳ ಕೈ ಹಿಡಿದ. ಒಲೆಯ ಮುಂದೆ ಸುಟ್ಟುಕೊಂಡ ಸಣ್ಣ ಸಣ್ಣ ಗುರುತುಗಳಿದ್ದ ಆ ಕೈಯನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡ.

"ನಿಮ್ಮಜ್ಜಿ ಹತ್ರ ಮಾತಾಡೋಕೆ ಬರ್ಲಾ? ಮೆಸ್ ನಡೀಲಿ. ನೀವು ಒಲೆ ಮುಂದೆ ನಿಂತ್ರೇನೇ ನನಗೆ ಇಷ್ಟ."

ಅವಳು ತಲೆ ತಗ್ಗಿಸಿದಳು. ಮೆಲ್ಲಗೆ ಅಂದಳು:

"ಬನ್ನಿ. ಆದ್ರೆ ಇನ್ನು ಮೂರು ಗಂಟೆಗೆ ನಿಮಗೊಬ್ಬರಿಗೇ ಎಲೆ ಹಾಕಲ್ಲ."

ಅವನ ಮುಖ ಸಣ್ಣಗಾಯಿತು. "ಮತ್ತೆ?"

"ಎರಡು ಎಲೆ ಹಾಕ್ತೀನಿ. ನನಗೂ ಹಸಿವಾಗಲ್ವೇನ್ರೀ?"