ಕ್ರೇನಿನಿಂದ ಇಳಿದು ಬಂದವಳು

"ನಿಲ್ಲಿಸಿ! ಅಲ್ಲೇ ನಿಲ್ಲಿಸಿ!"

ಹೆಡ್‌ಸೆಟ್ಟಿನಲ್ಲಿ ಬಂದ ಗಂಡಸಿನ ದನಿಗೆ ಅವಳ ಕೈ ಲಿವರ್ ಮೇಲೆ ಹಾಗೇ ನಿಂತುಬಿಟ್ಟಿತು.

ಕ್ರೇನಿನ ಕೊಕ್ಕೆಗೆ ನೇತುಬಿದ್ದಿದ್ದ ರಕ್ಷಣಾ ದೋಣಿ ಗಾಳಿಗೆ ಗಿರ್ರನೆ ತಿರುಗತೊಡಗಿತ್ತು. ಕೆಳಗೆ, ಕರಾವಳಿ ಕಾವಲು ಪಡೆಗೆಂದು ಕಟ್ಟುತ್ತಿದ್ದ ಹೊಸ ಗಸ್ತು ಹಡಗು. ಅದರ ಹಿಂಭಾಗದ ಡೆಕ್ ಮೇಲೆ ನಾಲ್ಕೈದು ಜನ. ದೋಣಿಯ ಮೂತಿ ಯಾರಿಗಾದರೂ ಬಡಿದರೆ...

ಎಲ್ಲರೂ ಹಿಂದೆ ಸರಿದರು. ಒಬ್ಬ ಮಾತ್ರ ಮುಂದೆ ಬಂದು, ದೋಣಿಯಿಂದ ಜೋತಾಡುತ್ತಿದ್ದ ಹಗ್ಗ ಹಿಡಿದು, ಮೈಭಾರವನ್ನೆಲ್ಲ ಹಾಕಿ ಜಗ್ಗಿ ನಿಂತ.

"ಹೆದರ್ಬೇಡಿ ಮೇಡಂ." ಅದೇ ದನಿ, ಈ ಸಲ ಏದುಸಿರಿನೊಂದಿಗೆ. "ನಾನು ಹಿಡ್ಕೊಂಡಿದ್ದೀನಿ. ನಿಧಾನಕ್ಕೆ ಇಳಿಸಿ."

ಅವಳು ಇಳಿಸಿದಳು. ದೋಣಿ ತನ್ನ ಜಾಗದಲ್ಲಿ ಕೂತಾಗ ಅವಳ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

"ಕೈ ಹಿಡಿತ ಚೆನ್ನಾಗಿದೆ ನಿಮ್ದು," ಅಂದ ಅವನು. ಅಷ್ಟೇ.

ಅವನು ಆ ಹಡಗಿನ ಡೆಕ್ ಮೇಸ್ತ್ರಿ. ಹಗ್ಗ, ಲಂಗರು, ದೋಣಿ ಎಲ್ಲ ಅವನ ಪಾಲಿಗೆ. ಹಡಗು ಸೇವೆಗೆ ಸೇರುವ ಮೊದಲೇ ಸಿಬ್ಬಂದಿ ಬಂದು ಕೆಲಸ ನೋಡಿಕೊಳ್ಳುತ್ತಿದ್ದರು.

ಅವಳೋ, ಹಡಗುಕಟ್ಟೆಯ ಅತಿ ಎತ್ತರದ ಕ್ರೇನಿನಲ್ಲಿ ಒಬ್ಬಳೇ ಕೂರುವವಳು. ಬೆಳಿಗ್ಗೆ ಏಣಿ ಹತ್ತಿದರೆ ಸಂಜೆಗೇ ಇಳಿಯುವುದು. ಊಟವೂ ಅಲ್ಲೇ, ಗಾಜಿನ ಗೂಡಿನೊಳಗೆ, ಕಡಲಿಗೆ ಮುಖ ಮಾಡಿ.

ಮನೆಯಲ್ಲಿ ಅಣ್ಣ, ಅತ್ತಿಗೆ. ಅವರಿಬ್ಬರು ಟಿವಿ ಮುಂದೆ ಕೂತು ನಗುವುದು ಅವಳ ಕೋಣೆಗೆ ಕೇಳಿಸುತ್ತಿತ್ತು. ಅವಳನ್ನು ಕರೆಯದೆ ಇರುತ್ತಿರಲಿಲ್ಲ. ಆದರೆ ಅವಳು ಹೋಗಿ ಕೂತರೆ ಮೂವರೂ ಸುಮ್ಮನಾಗುತ್ತಿದ್ದರು.

"ಅಷ್ಟು ಎತ್ತರದಲ್ಲಿ ಕೂತ್ರೆ ಯಾವ ಗಂಡು ಕಣ್ಣಿಗೆ ಬೀಳ್ತಾನಮ್ಮ?" ಅತ್ತಿಗೆ ತಮಾಷೆ ಮಾಡುವರು. "ಎಲ್ಲಾ ಇರುವೆ ತರ ಕಾಣ್ತಾರೇನೋ!"

ಅವಳು ನಕ್ಕು ತಟ್ಟೆ ತೊಳೆಯುತ್ತಿದ್ದಳು. ಹಿಂದೊಮ್ಮೆ ಸಂಬಂಧ ಕೇಳಿಕೊಂಡು ಬಂದವರು 'ಕ್ರೇನ್ ಓಡಿಸೋ ಹುಡುಗೀನಾ?' ಎಂದು ಅವಳ ಎದುರೇ ನಕ್ಕು ಎದ್ದುಹೋಗಿದ್ದರು. ಆ ನಗು ಇನ್ನೂ ಕಿವಿಯಲ್ಲಿತ್ತು.

ಆದರೆ ಈಗ ಬೆಳಗಾದರೆ ಅವಳಿಗೆ ಏಣಿ ಹತ್ತುವ ಆತುರ...

"ಇನ್ನು ಸ್ವಲ್ಪ ಎಡಕ್ಕೆ. ಹಾಂ, ಸಾಕು. ಮೇಲೆ ಗಾಳಿ ಜಾಸ್ತಿನಾ?"

"ಇದೆ. ಆದ್ರೂ ಪರವಾಗಿಲ್ಲ."

"ಹುಷಾರು."

ಇಷ್ಟೇ ಮಾತು. ಹಡಗಿನವರೆಲ್ಲ ಕೇಳುವ ಲೈನಿನಲ್ಲಿ ಇನ್ನೇನು ಆಡಲು ಸಾಧ್ಯ? ಆದರೂ ಆ ಒಂದು 'ಹುಷಾರು' ಅವಳ ಜೊತೆ ಮನೆಯವರೆಗೂ ಬರುತ್ತಿತ್ತು. ಹೆಲ್ಮೆಟ್ಟಿನ ಕೆಳಗಿನ ಮುಖ ಹೇಗಿದೆಯೋ ಗೊತ್ತಿರಲಿಲ್ಲ. ದನಿ ಮಾತ್ರ ಗೊತ್ತಿತ್ತು.

ಒಂದು ಮಧ್ಯಾಹ್ನ ಕೆಲಸ ಮುಗಿದ ಮೇಲೂ ಅವನು ಲೈನಿನಲ್ಲೇ ಇದ್ದ.

"ಮೇಡಂ... ನಾಳೆ ಊಟದ ಹೊತ್ತಿಗೆ ಕೆಳಗೆ ಬರ್ತೀರಾ? ಒಟ್ಟಿಗೆ ಊಟ ಮಾಡೋಣ."

ಅವಳ ಕೈ ಹೆಡ್‌ಸೆಟ್ಟಿನ ಮೈಕಿಗೆ ಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಲೈನಿನ ತುಂಬ ನಗು. ಒಬ್ಬಿಬ್ಬರದ್ದಲ್ಲ, ಇಡೀ ಡೆಕ್ಕಿನದ್ದು.

'ಪಂದ್ಯ ಕಟ್ಟಿರಬೇಕು... ನನ್ನನ್ನ ಆಟದ ಸಾಮಾನು ಮಾಡಿಕೊಂಡ್ರು.'

"ಈ ಲೈನಿನಲ್ಲಿ ಕೆಲಸದ ಮಾತು ಮಾತ್ರ ಆಡಿ," ಅಂದಳು.

ನಗು ನಿಂತಿತು. ಮರುದಿನದಿಂದ ಹೆಡ್‌ಸೆಟ್ಟಿನಲ್ಲಿ ಬೇರೆ ಯಾರದೋ ದನಿ. ಎಡಕ್ಕೆ, ಬಲಕ್ಕೆ, ಸಾಕು. 'ಹುಷಾರು' ಅನ್ನುವವರಿಲ್ಲ.

ಗಾಜಿನ ಗೂಡು ಮೊದಲೂ ಖಾಲಿಯೇ ಇತ್ತು. ಆದರೆ ಈಗಿನ ಖಾಲಿ ಬೇರೆ ತರದ್ದು. ಅವಳು ಅರ್ಧ ತಿಂದು ಡಬ್ಬಿ ಮುಚ್ಚತೊಡಗಿದಳು.

ಹಡಗು ಸೇವೆಗೆ ಸೇರುವ ದಿನ ಬಂತು. ಕಟ್ಟೆಯ ಮೇಲೆ ಕುರ್ಚಿಗಳು, ಬ್ಯಾಂಡು, ಭಾಷಣ. ಬಿಳಿ ಸಮವಸ್ತ್ರದ ಸಿಬ್ಬಂದಿ ಸಾಲಾಗಿ ಹಡಗು ಹತ್ತಿದರು. ಧ್ವಜ ಏರಿತು. ಅಷ್ಟು ದಿನ ಬರಿ ಕಬ್ಬಿಣವಾಗಿದ್ದದ್ದಕ್ಕೆ ಈಗ ಜೀವ ಬಂದಂತಿತ್ತು. ಸಂಜೆಗೇ ಮೊದಲ ಗಸ್ತು.

ಅವಳು ಮೇಲಿನಿಂದ ನೋಡುತ್ತಿದ್ದಳು.

ಸಮಾರಂಭ ಮುಗಿದು, ಮನೆಯವರನ್ನು ಹಡಗಿಗೆ ಬಿಟ್ಟರು. ಹೆಂಡತಿಯರು, ಅಮ್ಮಂದಿರು, ಮಕ್ಕಳು. ಒಬ್ಬೊಬ್ಬ ನಾವಿಕನ ಸುತ್ತಲೂ ಒಂದೊಂದು ಸಂಸಾರ. ಹಿಂಭಾಗದಲ್ಲಿ, ರಕ್ಷಣಾ ದೋಣಿಯ ಪಕ್ಕ, ಒಬ್ಬ ಮಾತ್ರ ಕೈ ಹಿಂದೆ ಕಟ್ಟಿ ನಿಂತಿದ್ದ. ಅವನ ಹತ್ತಿರ ಯಾರೂ ಬರಲಿಲ್ಲ. ಅವನೂ ಯಾರನ್ನೂ ಹುಡುಕುತ್ತಿರಲಿಲ್ಲ.

ಅಂದು ಹಗ್ಗ ಜಗ್ಗಿ ನಿಂತವನ ಆ ನಿಲುವು ಅವಳಿಗೆ ಗೊತ್ತಿತ್ತು.

'ಇವನಿಗೂ ಯಾರೂ ಇಲ್ಲ...'

ಪಂದ್ಯ ಕಟ್ಟಿ ನಗುವವನು ಹೀಗೆ ನಿಲ್ಲುತ್ತಾನಾ? ಅವಳು ಹೆಡ್‌ಸೆಟ್ ಕಳಚಿಟ್ಟು ಏಣಿ ಇಳಿದಳು. ಗ್ರೀಸು ಮೆತ್ತಿದ ಕೆಲಸದ ಬಟ್ಟೆಯಲ್ಲೇ, ಹೊಸ ಸೀರೆಗಳ ನಡುವೆ ನುಸುಳಿ ಹಡಗು ಹತ್ತಿದಳು.

ಅವನ ಎದುರು ಹೋಗಿ ನಿಂತಳು. ಕಪ್ಪಗಿನ, ದಣಿದ, ಒಳ್ಳೆಯ ಮುಖ.

"ಅವತ್ತು ಯಾಕೆ ನಕ್ರಿ ಎಲ್ಲಾ?"

ದನಿ ಕೇಳಿದ್ದೇ ಅವನಿಗೆ ಯಾರೆಂದು ತಿಳಿಯಿತು. ಹಿಂದೆ ಕಟ್ಟಿದ್ದ ಕೈ ಬಿಚ್ಚಿದ.

"ವಾರಗಟ್ಟಲೆ, ಊಟಕ್ಕೆ ಕರೆಯೋ ಆ ಒಂದು ಮಾತನ್ನ ಬಾಯಿಪಾಠ ಮಾಡ್ತಾ ಇದ್ದೆ, ಡೆಕ್ ಗುಡಿಸ್ತಾ, ಹಗ್ಗ ಸುತ್ತುತ್ತಾ. ಹುಡುಗ್ರೆಲ್ಲ ಕೇಳಿಸ್ಕೊಂಡಿದ್ರು. ಕೊನೆಗೂ ಬಾಯಿಬಿಟ್ಟನಲ್ಲ ಅಂತ ನಕ್ರು... ನನ್ನ ನೋಡಿ."

ಹಾದುಹೋಗುತ್ತಿದ್ದ ಹಡಗಿನ ಅಡುಗೆಯವನು ನಿಂತ. "ಇವರೇನಾ ಆ ಮೇಡಂ? ನಮಗೂ ಬಾಯಿಪಾಠ ಆಗೋಗಿತ್ತು ಬಿಡಿ."

ಅವಳ ಕಣ್ಣು ತುಂಬಿ ಬಂತು. "ನನ್ನ ನೋಡಿ ನಕ್ರು ಅಂದ್ಕೊಂಡೆ. ಮುಂಚೆ ಒಂದ್ಸಲ ಹಾಗೇ ಆಗಿತ್ತು."

"ನಿಮಗೆ ಇಷ್ಟ ಇಲ್ಲ ಅಂದ್ಕೊಂಡೆ ನಾನು. ತೊಂದರೆ ಕೊಡ್ಬಾರ್ದು ಅಂತ ಲೈನ್ ಬೇರೆಯವರಿಗೆ ಕೊಟ್ಟೆ."

"ಇಷ್ಟ ಇತ್ತು," ಅಂದಳು. ದನಿ ಸಣ್ಣಗಾಯಿತು. "ಇದೆ."

ಸೈರನ್ ಮೊಳಗಿತು. ಬಂದವರೆಲ್ಲ ಇಳಿಯಬೇಕು. ಮೆಟ್ಟಿಲ ತನಕ ಅವನು ಜೊತೆಗೆ ಬಂದ. ಗ್ರೀಸು ಮೆತ್ತಿದ ಅವಳ ಬೆರಳುಗಳನ್ನು ಬಿಳಿ ಸಮವಸ್ತ್ರದ ತನ್ನ ಕೈಯಲ್ಲಿ ಹಿಡಿದುಕೊಂಡ.

"ಕಲೆ ಆಗುತ್ತೆ."

"ಆಗ್ಲಿ ಬಿಡಿ. ವಾಪಸ್ ಬರೋಕೆ ತಿಂಗಳಾಗುತ್ತೆ. ಒಬ್ಬರೇ ಇರ್ತೀರಾ?"

"ಒಬ್ಬಳೇ ಇರೋದು ಅಭ್ಯಾಸ ಆಗಿದೆ. ಯಾರಿಗೋ ಕಾಯೋದು ಹೇಗೇಂತ ಗೊತ್ತಿಲ್ಲ."

ಅವನು ಕಡಲಿನ ಕಡೆ ನೋಡಿ, ಮತ್ತೆ ಅವಳನ್ನು ನೋಡಿದ.

"ನನಗೂ ಗೊತ್ತಿಲ್ಲ... ದಡದಲ್ಲಿ ಒಬ್ಬರಿದ್ದಾರೆ ಅಂದ್ಕೊಂಡು ಹೋಗೋದು ಹೇಗೇಂತ."

"ಹೋಗಿ ಬನ್ನಿ," ಅಂದಳು ಅವಳು. "ಅಷ್ಟರಲ್ಲಿ ಇಬ್ಬರೂ ಕಲ್ತಿರ್ತೀವಿ."